ಗುಂಡನ ಎಡಗಾಲು

ದತ್ತಾತ್ರೇಯ ಅವರ ಅರ್ಧ ಆಯುಷ್ಯ ಬಾಗಿಲು ತೆಗೆಯುವುದರಲ್ಲಿ ಕಳೆದಿತ್ತು, ಉಳಿದರ್ಧ ಅದನ್ನು ಹಾಕುವುದರಲ್ಲಿ. ದೆಹಲಿ ಪಕ್ಕದ ಮಾನೇಸರಿನಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ವಿನ್ಯಾಸ ವಿಭಾಗದಲ್ಲಿ ಅವರು ಬಾಗಿಲ ಕೀಲುಗಳ ಪರಿಣತರು. ಕಂಪ್ಯೂಟರಿನೊಳಗೆ ಒಂದು ಬಾಗಿಲು ಮಾಡುವುದು, ಅದನ್ನು ಲಕ್ಷ ಸಲ ತೆಗೆದು ಲಕ್ಷ ಸಲ ಧಡಾರನೆ ಹಾಕುವುದು, ಕೀಲು ಎಲ್ಲಿ ಸವೆಯಿತು ಎಂದು ವರದಿ ಬರೆಯುವುದು. ದೆಹಲಿಯ ದ್ವಾರಕಾ ಬಡಾವಣೆಯ ಅವರ ಮನೆಯಲ್ಲಿ ಮಾತ್ರ ಬಚ್ಚಲ ಬಾಗಿಲು ಎರಡು ಮಳೆಗಾಲದಿಂದ ಕಿರುಗುಟ್ಟುತ್ತಲೇ ಇತ್ತು. ಹೆಂಡತಿ ಶೈಲಜಾ ಕೇಳಿದಾಗಲೆಲ್ಲ, "ಅದು ಮರದ್ದು ಕಣೇ, ನನ್ನ ಸಬ್ಜೆಕ್ಟ್ ಲೋಹ" ಎಂದು ಜಾರಿಕೊಳ್ಳುತ್ತಿದ್ದರು.

ದೆಹಲಿ ಕನ್ನಡಿಗರಾದ ನಮಗೆ ಯಾರಿಗೂ ನಾವು ಮಾಡುವ ಕೆಲಸ ಏನೆಂದು ಊರಿನಲ್ಲಿ ಹೇಳಲು ಬರುವುದಿಲ್ಲ. 'ಸೆಂಟ್ರಲ್ ಗೌರ್ಮೆಂಟು' ಎಂದೋ 'ಕಂಪನಿ' ಎಂದೋ ಮುಗಿಸಿ ದೆಹಲಿಯ ಚಳಿಯ ವಿಷಯಕ್ಕೆ ಹೊರಳಿಬಿಡುತ್ತೇವೆ. ದತ್ತಾತ್ರೇಯ ಮಾತ್ರ ಅರಸೀಕೆರೆಯ ಒಂದು ಮದುವೆಯ ಪಂಕ್ತಿಯಲ್ಲಿ ಧೈರ್ಯ ಮಾಡಿ "ಬಾಗಿಲು" ಎಂದುಬಿಟ್ಟಿದ್ದರು. ಪಕ್ಕದ ಎಲೆಯ ಹಿರಿಯರು ಬೆನ್ನು ಸವರಿ, "ಪರವಾಗಿಲ್ಲ ಬಿಡಪ್ಪ, ಯಾವ ಕೆಲಸಾನೂ ಕೀಳಲ್ಲ" ಎಂದು ಇನ್ನೊಂದು ಹೋಳಿಗೆ ಹಾಕಿಸಿದ್ದರು.

ಇಂಥ ದತ್ತಾತ್ರೇಯರ ಪಾಲಿಗೆ ಎರಡು ಸಾವಿರದ ಏಳರ ಬೇಸಿಗೆಯಲ್ಲಿ ಒಂದು ಮಗು ಬಂತು. ರಸ್ತೆ ದಾಟುವ ಮಗುವಿಗೆ ಕಾರು ಬಡಿದರೆ ಅದರ ಕಾಲಿಗೂ ಸೊಂಟಕ್ಕೂ ಏನಾಗುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಕಂಡುಹಿಡಿಯಬೇಕು, ಆ ಪೆಟ್ಟನ್ನು ತಡೆಯುವಂಥ ಬಂಪರ್ ರೂಪಿಸಬೇಕು. ಇದು ವಿಭಾಗಕ್ಕೆ ಬಂದಿದ್ದ ಹೊಸ ಕೆಲಸ. ಅದನ್ನು ಮಾಡಬೇಕಾಗಿದ್ದ ಚುರುಕು ಹುಡುಗರು ಒಬ್ಬರ ಹಿಂದೊಬ್ಬರು ಬೇರೆ ಕಂಪನಿಗಳಿಗೆ ಹಾರಿಹೋಗಿದ್ದರು. ಮುಖ್ಯಸ್ಥರಾದ ಸಾಂಗ್ವಾನ್ ಸಾಹೇಬರು, ಹರಿಯಾಣದ ರೋಹ್ತಕ್ ಕಡೆಯ, ಆರಡಿ ಎತ್ತರದ, ದಪ್ಪ ಮೀಸೆಯ ಆಸಾಮಿ, ಖಾಲಿ ಕುರ್ಚಿಗಳ ಮೇಲೆಲ್ಲ ಕಣ್ಣಾಡಿಸಿ ಕೊನೆಗೆ ಒಂದೇ ತುಂಬಿದ ಕುರ್ಚಿಯ ಮೇಲೆ ನಿಲ್ಲಿಸಿದರು.

"ದತ್ತಾಜೀ, ಆಪ್ ಕೇ ಘರ್ ಮೇ ಛೋಟಾ ಬಚ್ಚಾ ಹೈ ನಾ?"

"ಹೌದು ಸರ್, ಆರು ವರ್ಷದ ಮಗಳು."

"ಬಸ್, ತೋ ಆಪ್ ಎಕ್ಸ್‌ಪರ್ಟ್ ಹೋ ಗಯೇ. ವರ್ಷದ ಕೊನೆಗೆ ಡೈರೆಕ್ಟರ್ ಸಾಹೇಬರಿಗೆ ತೋರಿಸಬೇಕು. ನಹೀ ತೋ ವಾಪಸ್ ಕಬ್ಜಾ."

ಹಿಂದಿಯಲ್ಲಿ ಕಬ್ಜಾ ಎಂದರೆ ಬಾಗಿಲ ಕೀಲು. ದತ್ತಾತ್ರೇಯರಿಗೆ ಆ ಗಳಿಗೆಯಲ್ಲೇ ಗೊತ್ತಾಯಿತು, ತಮಗೆ ಕಬ್ಜಾ ಬೇಡ. ಜನ್ಮದಲ್ಲಿ ಇನ್ನೊಮ್ಮೆ ಬೇಡ.

ಈ ಕಸುಬಿನವರಲ್ಲಿ ಒಂದು ಸುಲಭದ ದಾರಿ ಇತ್ತು. ದೊಡ್ಡ ಮನುಷ್ಯನ ಸಿದ್ಧ ಮಾದರಿಯೊಂದು ಕಂಪನಿಯಲ್ಲಿ ಮೊದಲೇ ಇದ್ದು, ಅದರಲ್ಲಿ ಮೂಳೆ, ಮಾಂಸ, ಚರ್ಮ ಎಲ್ಲವೂ ಸಣ್ಣ ಸಣ್ಣ ಚೌಕಗಳ ಬಲೆಯಾಗಿ ಹೆಣೆದಿದ್ದವು. ಅದನ್ನು ತೆರೆದು, ಅಳತೆಯನ್ನು ಮಗುವಿನಷ್ಟಕ್ಕೆ ಇಳಿಸಿದರೆ ಆಯಿತು. ದತ್ತಾತ್ರೇಯ ಹಾಗೇ ಮಾಡಿದರು. ಊಟದ ಗಂಟೆಯೊಳಗೆ ಮಗು ತಯಾರು. ಕೆಲಸ ಕಾಲು ಮತ್ತು ಸೊಂಟದ್ದಷ್ಟೇ ಆದ್ದರಿಂದ ಮುಂಡ, ತಲೆಗಳ ಗೊಡವೆಗೆ ಹೋಗದೆ ಅವುಗಳ ತೂಕಕ್ಕೆ ಸಮನಾದ ಒಂದು ದುಂಡನೆಯ ಉಂಡೆಯನ್ನು ಸೊಂಟದ ಮೇಲೆ ಕೂರಿಸಿದರು. ಹೆರಿಗೆ ಇಷ್ಟು ಸಲೀಸೇ ಎಂದು ಬೀಗುತ್ತಾ ಮನೆಗೆ ಬಂದರು.

"ಪಪ್ಪಾ, ಆಜ್ ಕೌನ್ಸಾ ಬಾಗಿಲು?" ಎಂದಳು ಮಗಳು ಲಾವಣ್ಯಾ ಊಟಕ್ಕೆ ಕೂತಾಗ. ದಿನವೂ ಕೇಳುವ ಪ್ರಶ್ನೆ.

"ಇವತ್ತು ಬಾಗಿಲಲ್ಲ ಪುಟ್ಟಿ. ಒಂದು ಮಗು ಮಾಡಿದೆ."

ಶೈಲಜಾ ಹುಳಿಯ ಸೌಟನ್ನು ಪಾತ್ರೆಗೆ ಬಿಟ್ಟರು. "ಏನಂದ್ರಿ?"

"ಕಂಪ್ಯೂಟರಲ್ಲಿ ಕಣೇ!"

"ಹಾಗೆ ಬಿಡಿಸಿ ಹೇಳಿ ಮತ್ತೆ. ಯಾರ ಹಾಗಿದೆ ಮುಖ?"

"ಮುಖ ಇಲ್ಲ. ಸೊಂಟದಿಂದ ಕೆಳಗೆ ಮಾತ್ರ. ಮೇಲೆ ಒಂದು ಉಂಡೆ."

"ನಿಮ್ಮ ಮನೆಯವರದ್ದೆಲ್ಲ ಇಷ್ಟೇ. ಅರ್ಧ ಕೆಲಸ."

ಲಾವಣ್ಯಾಗೆ ಮಾತ್ರ ಆ ಉಂಡೆ ಬಹಳ ಹಿಡಿಸಿತು. ಆ ಮಗು ಹುಡುಗನೆಂದೂ, ಅವನ ಹೆಸರು ಗುಂಡ ಎಂದೂ, ಅವನು ತನ್ನ ತಮ್ಮನೆಂದೂ ಅನ್ನ ಸಾರು ಮುಗಿಯುವುದರೊಳಗೆ ತೀರ್ಮಾನವಾಯಿತು. ಮೊಸರಿನ ಹೊತ್ತಿಗೆ ಅವಳಿಗೆ ಅನುಮಾನ ಬಂತು.

"ಪಪ್ಪಾ, ಗುಂಡನಿಗೆ ಕಾರು ಬಂದು ಹೊಡೆಯುತ್ತಾ?"

"ಹೂಂ, ಸ್ವಲ್ಪ."

"ಉಸ್ಕೀ ಟಾಂಗ್ ಟೂಟೇಗೀ ಕ್ಯಾ?"

"ಛೆ ಛೆ. ಮುರಿಯಲ್ಲ."

"ಪ್ರಾಮಿಸ್?"

"ಪ್ರಾಮಿಸ್" ಎಂದರು ದತ್ತಾತ್ರೇಯ, ಬಾಯಿ ತುಂಬ ಮೊಸರನ್ನ ಇಟ್ಟುಕೊಂಡು. ಬಾಯಿ ಖಾಲಿ ಇದ್ದಿದ್ದರೆ ಯೋಚಿಸುತ್ತಿದ್ದರೇನೋ.

ಏಕೆಂದರೆ ಗುಂಡನ ಕಾಲು ಮುರಿಯಲೇಬೇಕಾಗಿತ್ತು. ನಿಜವಾದ ಅಪಘಾತಗಳಲ್ಲಿ ಇಷ್ಟು ವೇಗದ ಕಾರಿಗೆ ಮಕ್ಕಳ ಕಾಲು ಎಲ್ಲಿ, ಹೇಗೆ ಮುರಿದಿತ್ತು ಎಂಬ ವೈದ್ಯಕೀಯ ವರದಿಗಳು ಅವರ ಮೇಜಿನ ಮೇಲಿದ್ದವು. ಅದೇ ಪೆಟ್ಟಿಗೆ ಗುಂಡನ ಕಾಲು ಅದೇ ಜಾಗದಲ್ಲಿ, ಅದೇ ರೀತಿ ಮುರಿದರೆ ಮಾತ್ರ ಗುಂಡ ನಂಬತಕ್ಕ ಮಗು. ಅವನನ್ನು ನಂಬಬಹುದಾದ ಮೇಲೆ ತಾನೇ ಬಂಪರನ್ನು ಮೃದು ಮಾಡಿ ಅವನ ಕಾಲು ಉಳಿಸುವ ಮಾತು.

ಹೀಗಾಗಿ ದಿನ ಬೆಳಗಾದರೆ ಸಾಂಗ್ವಾನ್ ಸಾಹೇಬರು ಚಹಾ ಲೋಟ ಹಿಡಿದು ಬಂದು ಮುರಿಯಿತೇ ಎಂದು ಆಸೆಯಿಂದ "ಟೂಟೀ?" ಎನ್ನುತ್ತಿದ್ದರು. ಸಂಜೆ ಬಾಗಿಲು ತೆರೆದ ಕೂಡಲೇ ಲಾವಣ್ಯಾ ಆತಂಕದಿಂದ "ಟೂಟೀ?" ಎನ್ನುತ್ತಿದ್ದಳು. ಒಂದು ಕಾಲಿನ ಮೇಲೆ ಇಬ್ಬರ ಕಣ್ಣು. ಮಗಳಿಗೆ ಸುಳ್ಳು ಹೇಳಲಾಗದೆ, ನಿಜವನ್ನೂ ಹೇಳಲಾಗದೆ ದತ್ತಾತ್ರೇಯ ಒಂದು ಉಪಾಯ ಕಂಡುಕೊಂಡರು. "ಇವತ್ತು ಗುಂಡ ರಜಾ." ಗುಂಡನಿಗೆ ನೆಗಡಿ, ಗುಂಡ ಅಜ್ಜಿ ಮನೆಗೆ ಹೋಗಿದ್ದಾನೆ, ಗುಂಡನಿಗೆ ರಕ್ಷಾಬಂಧನ. ಕೊನೆಗೊಂದು ದಿನ ಅವಳೇ, "ಇವನಿಗೆ ಸ್ಕೂಲೇ ಇಲ್ವಾ? ನನ್ನನ್ನೂ ಗುಂಡ ಬನಾ ದೋ" ಎಂದಳು.

ಇತ್ತ ಕಂಪ್ಯೂಟರಿನಲ್ಲಿ ಪರಿಸ್ಥಿತಿ ಚೆನ್ನಾಗಿರಲಿಲ್ಲ. ಕಾರು ಮುಟ್ಟಿದ್ದೇ ತಡ, ಗುಂಡನ ಕಾಲು ಸೀಮೆಸುಣ್ಣದಂತೆ ಪಟ್ಟನೆ ತುಂಡಾಗಿ ಹಾರುತ್ತಿತ್ತು. ಸೊಂಟವೋ, ರುಬ್ಬುಗುಂಡಿನಂತೆ ಮಿಸುಕದೆ ನಿಲ್ಲುತ್ತಿತ್ತು. ವರದಿಗಳಲ್ಲಿ ಇದ್ದದ್ದು ಇದಕ್ಕೆ ತದ್ವಿರುದ್ಧ. ಮೂಳೆಯನ್ನು ದಪ್ಪ ಮಾಡಿದರು, ತೆಳು ಮಾಡಿದರು. ಬಾಗಿಲಾಗಿದ್ದರೆ ಎರಡು ತಿರುಪು ಬಿಗಿದು ಮುಗಿಸಬಹುದಿತ್ತು.

"ಆ ಮಲ್ಲಿಕಾರ್ಜುನ ಡಾಕ್ಟರನ್ನ ಕೇಳಬಾರದೇನ್ರಿ?" ಎಂದರು ಶೈಲಜಾ.

ಡಾಕ್ಟರ್ ಮಲ್ಲಿಕಾರ್ಜುನ ಕರೋಲ್ ಬಾಗಿನಲ್ಲಿ ಮಕ್ಕಳ ಮೂಳೆ ತಜ್ಞರು. ಕನ್ನಡ ಕೂಟದ ಗಣೇಶೋತ್ಸವದಲ್ಲಿ ಪ್ರತಿ ವರ್ಷವೂ ಕೋಸಂಬರಿಯ ಉಸ್ತುವಾರಿ ಅವರದೇ. ಒಂದು ಶನಿವಾರ ದತ್ತಾತ್ರೇಯ ಕಂಪನಿಯ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು, ಬರುತ್ತೇನೆಂದು ಹಟ ಹಿಡಿದ ಮಗಳ ಕೈ ಹಿಡಿದು, ಮೆಟ್ರೋ ಹತ್ತಿದರು. ಬಟ್ಟೆ ಅಂಗಡಿಗಳ ಕೂಗು, ಸೈಕಲ್ ರಿಕ್ಷಾಗಳ ಗಂಟೆ ದಾಟಿ ಮಹಡಿ ಮೇಲಿನ ದವಾಖಾನೆ ಸೇರಿದರು. ಡಾಕ್ಟರು ಪರದೆಯನ್ನು ಮೂಗಿನ ಹತ್ತಿರಕ್ಕೆ ಎಳೆದುಕೊಂಡು ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಗತೊಡಗಿದರು.

"ಏನ್ರೀ ದತ್ತಾತ್ರೇಯ, ಇದನ್ನ ಮಗು ಅಂತೀರಲ್ಲ! ನಲವತ್ತು ವರ್ಷದ ಗುಮಾಸ್ತ ಇವನು. ಯಾರೋ ಬಿಸಿನೀರಲ್ಲಿ ಒಗೆದಿದ್ದಾರೆ, ಕುಗ್ಗಿದ್ದಾನೆ."

ಗೋಡೆಯ ದೀಪದ ಪೆಟ್ಟಿಗೆಗೆ ಅವರು ಒಂದು ಎಕ್ಸರೇ ಸಿಕ್ಕಿಸಿದರು. ಒಂದು ಮಗುವಿನ ಸೊಂಟ. ದತ್ತಾತ್ರೇಯ ಎದ್ದು ಹತ್ತಿರ ಹೋದರು. ಸೊಂಟದ ಮೂಳೆಯ ತುಂಡುಗಳು ಬೇರೆ ಬೇರೆ, ನಡುವೆ ಬೆರಳು ತೂರುವಷ್ಟು ಸಂದು.

"ಅಯ್ಯೋ ಪಾಪ! ಇಷ್ಟು ಕಡೆ ಮುರಿದಿದೆಯಲ್ಲ! ಉಳಿಯಿತೇ ಮಗು?"

"ಉಳಿಯೋದೇನು, ಹೊರಗೆ ಕೂತು ಕುರ್‌ಕುರೆ ತಿಂತಾ ಇದೆ ನೋಡಿ. ಏನೂ ಮುರಿದಿಲ್ಲ ಅದಕ್ಕೆ. ಮಕ್ಕಳ ಸೊಂಟ ಇರೋದೇ ಹಾಗೆ. ಆ ಸಂದೆಲ್ಲ ಮೆದುಮೂಳೆ, ಎಕ್ಸರೇಲಿ ಕಾಣಲ್ಲ. ಬೆಳೀತಾ ಬೆಳೀತಾ ಎಲ್ಲ ಬೆಸೆದು ಒಂದಾಗುತ್ತೆ. ನೀವು ಆಗಲೇ ವೆಲ್ಡಿಂಗ್ ಮಾಡಿಟ್ಟುಬಿಟ್ಟಿದ್ದೀರಿ!"

ಲೋಹದ ಮನುಷ್ಯ ಮಾಡಬಹುದಾದ ತಪ್ಪೇ ಅದು. ಬಾಗಿಲಲ್ಲಿ ಸಂದು ಕಂಡರೆ ದೋಷ ಎಂದೇ ಅವರು ಇಷ್ಟು ವರ್ಷ ವರದಿ ಬರೆದಿದ್ದರು.

"ಇನ್ನು ಕಾಲಿನ ಮೂಳೆ," ಎಂದರು ಡಾಕ್ಟರು, "ನೀವು ಒಣ ಕಡ್ಡಿ ಇಟ್ಟಿದ್ದೀರಿ. ಮಕ್ಕಳದ್ದು ಎಳೇ ನುಗ್ಗೇಕಾಯಿ. ಬಗ್ಗಿಸಿದರೆ ಮೊದಲು ಬಾಗುತ್ತೆ. ಆಮೇಲೆ ಒಂದು ಮಗ್ಗುಲಲ್ಲಿ ಸಿಗಿಯುತ್ತೆ, ಇನ್ನೊಂದು ಮಗ್ಗುಲು ಹಾಗೇ ಹಿಡಕೊಂಡಿರುತ್ತೆ."

ಇಷ್ಟು ಹೊತ್ತು ತೂಕದ ಯಂತ್ರದ ಮೇಲೆ ಹತ್ತಿ ಇಳಿಯುತ್ತಿದ್ದ ಲಾವಣ್ಯಾ ಹತ್ತಿರ ಬಂದಳು. "ಡಾಕ್ಟರ್ ಅಂಕಲ್, ಗುಂಡನಿಗೆ ಏನಾದ್ರೂ ಆದ್ರೆ ನೀವು ಪ್ಲಾಸ್ಟರ್ ಹಾಕ್ತೀರಾ?"

"ಓಹೋ, ಯಾಕಿಲ್ಲ! ಆದ್ರೆ ಮೊದಲು ನಿಮ್ಮಪ್ಪ ಸರಿಯಾಗಿ ಮುರೀಬೇಕಲ್ಲಮ್ಮ."

ದತ್ತಾತ್ರೇಯ ಕಣ್ಸನ್ನೆ ಮಾಡುವುದರೊಳಗೆ ಮಾತು ಆಡಿಯಾಗಿತ್ತು.

ವಾಪಸ್ ಮೆಟ್ರೋದಲ್ಲಿ ಲಾವಣ್ಯಾ ಕಿಟಕಿಗೆ ಮೂಗು ಒತ್ತಿ ಕೂತಳು. ಅಪ್ಪನ ಕಡೆ ಬೆನ್ನು. ರಾಜೌರಿ ಗಾರ್ಡನ್ ಬಂತು, ಹೋಯಿತು. ಸಂಧಾನಕ್ಕೆಂದು ಕೊಡಿಸಿದ್ದ ಕಡಲೆಮಿಠಾಯಿ ತೊಡೆಯ ಮೇಲೆ ಹಾಗೇ ಇತ್ತು.

"ಕೇಳು ಪುಟ್ಟಿ," ಎಂದರು ದತ್ತಾತ್ರೇಯ. "ಕಾರಿಗೆ ತನ್ನ ತಪ್ಪು ಏನು ಅಂತ ಗೊತ್ತಾಗಬೇಕಲ್ಲ. ಗುಂಡನ ಕಾಲು ನಿಜವಾದ ಮಕ್ಕಳ ಕಾಲಿನ ಹಾಗೇ ಮುರಿದರೆ ಆಗ ಗೊತ್ತಾಗುತ್ತೆ. ಆಮೇಲೆ ನಾನು ಬಂಪರ್ ಮೆತ್ತಗೆ ಮಾಡ್ತೀನಿ. ಆಮೇಲೆ ಯಾವ ಮಗೂದೂ ಮುರಿಯಲ್ಲ."

"ಆಪ್ ನೇ ಪ್ರಾಮಿಸ್ ಕಿಯಾ ಥಾ."

"ತಪ್ಪಾಯ್ತು. ಗೊತ್ತಿಲ್ಲದೆ ಮಾಡಿದೆ."

ಉತ್ತಮ್ ನಗರ ಬಂತು. ಆಮೇಲೆ ಮಿಠಾಯಿಯ ಕಾಗದ ಬಿಚ್ಚುವ ಸದ್ದು. "ಠೀಕ್ ಹೈ. ಏಕ್ ಬಾರ್. ಒಂದೇ ಒಂದು ಸಲ ಮುರೀಬಹುದು. ಆಮೇಲೆ ಮುರಿದ್ರೆ ಕಟ್ಟೀ. ಔರ್ ಮೈ ಖುದ್ ದೇಖೂಂಗೀ. ನಾನೇ ನೋಡಬೇಕು."

ಮಾತು ಬಿಡುವ 'ಕಟ್ಟೀ' ಶಿಕ್ಷೆ ಎಷ್ಟು ಘೋರವೆಂದು ದತ್ತಾತ್ರೇಯರಿಗೆ ಚೆನ್ನಾಗಿ ಗೊತ್ತಿತ್ತು. ಒಪ್ಪಿ ಕೈ ಮೇಲೆ ಕೈ ಹಾಕಿದರು.

ಅಂದಿನಿಂದ ಮನೆಯಲ್ಲಿ ನುಗ್ಗೇಕಾಯಿ ಸಾಂಬಾರಿಗೆ ಹೋಗುವ ಮೊದಲು ಪರೀಕ್ಷೆಗೆ ಹೋಗತೊಡಗಿತು. ದತ್ತಾತ್ರೇಯ ಒಂದೊಂದನ್ನೇ ಮೆಲ್ಲಗೆ ಬಗ್ಗಿಸಿ ಕಿವಿಗೆ ಹಿಡಿಯುತ್ತಿದ್ದರು. "ಅದೇನು ಫೋನಾ?" ಎಂದು ಶೈಲಜಾ ಕಿತ್ತುಕೊಳ್ಳುತ್ತಿದ್ದರು. ಆಫೀಸಿನಲ್ಲಿ ಗುಂಡನ ಸೊಂಟದ ಬೆಸುಗೆ ಬಿಚ್ಚಿತು, ಸಂದುಗಳಲ್ಲಿ ಮೆದುಮೂಳೆ ಬಂತು, ಮೂಳೆಗಳು ಎಳೆಯವಾದವು. ಅಟೆನ್ಷನ್‌ನಲ್ಲಿ ನಿಂತಿದ್ದವನನ್ನು ಹೆಜ್ಜೆಯಿಡುವ ಭಂಗಿಗೂ ತಂದರು. ಮಕ್ಕಳು ರಸ್ತೆಯಲ್ಲಿ ಧ್ವಜವಂದನೆಗೆ ನಿಂತಿರುವುದಿಲ್ಲವಲ್ಲ. ಭಂಗಿಯ ಅಳತೆಗೆ ಲಾವಣ್ಯಾಳೇ ನಡುಮನೆಯಲ್ಲಿ ನಡೆದು, ಅಪ್ಪ "ಸ್ಟ್ಯಾಚ್ಯೂ!" ಎಂದಾಗ ಒಂದು ಕಾಲೆತ್ತಿ ನಿಂತು, ತಮ್ಮನ ಪರವಾಗಿ ಟೇಪು ಸುತ್ತಿಸಿಕೊಂಡಳು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಗುಂಡನ ಎಡಗಾಲು ಬಾಗಿತು, ಇನ್ನೂ ಬಾಗಿತು, ಒಂದು ಮಗ್ಗುಲಲ್ಲಿ ಮಾತ್ರ ಸಿಗಿಯಿತು. ವರದಿಯಲ್ಲಿ ಇದ್ದ ಹಾಗೆಯೇ, ಇದ್ದ ಜಾಗದಲ್ಲೇ.

"ಟೂಟೀ!" ಎಂದು ಸಾಂಗ್ವಾನ್ ಸಾಹೇಬರು ಮೀಸೆ ಸಮೇತ ಕುಣಿದರು. ವಿಭಾಗಕ್ಕೆಲ್ಲ ಲಾಡು ತರಿಸಿದರು. ಸಂಜೆ ಕಂಪನಿ ಬಸ್ಸಿನಲ್ಲಿ, ಇನ್ನೂ ಮುಗಿಯದ ಹೆದ್ದಾರಿಯ ಧೂಳಿನಲ್ಲಿ, ದತ್ತಾತ್ರೇಯ ಲಾಡಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಒಬ್ಬರೇ ನಗುತ್ತಾ ಕೂತಿದ್ದರು. ಪಕ್ಕದಲ್ಲಿದ್ದ ಲೆಕ್ಕಪತ್ರ ವಿಭಾಗದ ಹೊಸ ಮನುಷ್ಯ, "ಕ್ಯಾ ಖುಷ್‌ಖಬರೀ ಹೈ, ಭಾಯಿ ಸಾಹಬ್?" ಎಂದ.

"ಮಗುವಿನ ಕಾಲು ಮುರೀತು!" ಎಂದರು ದತ್ತಾತ್ರೇಯ ಹಿಂದಿಯಲ್ಲಿ, ಸಂಭ್ರಮ ತಡೆಯಲಾರದೆ. "ಎಷ್ಟು ತಿಂಗಳಿಂದ ಪ್ರಯತ್ನ ಮಾಡ್ತಿದ್ದೆ! ತಗೊಳ್ಳಿ, ಲಾಡು ತಗೊಳ್ಳಿ."

ಆ ಮನುಷ್ಯ ಲಾಡು ತೆಗೆದುಕೊಳ್ಳಲಿಲ್ಲ. ಮುಂದಿನ ನಿಲ್ದಾಣದಲ್ಲಿ ಎದ್ದು ಡ್ರೈವರನ ಹಿಂದಿನ ಸೀಟಿಗೆ ಹೋದ. ಗುರಗಾಂವ್ ದಾಟುವವರೆಗೆ ಆಗಾಗ ತಿರುಗಿ ನೋಡುತ್ತಿದ್ದ.

ಮನೆಯಲ್ಲಿ ಲಾವಣ್ಯಾ ಸುದ್ದಿ ಕೇಳಿ ಅರ್ಧ ಲಾಡನ್ನು ಗಂಭೀರವಾಗಿ ತಿಂದಳು. "ವೋ ಏಕ್ ಬಾರ್ ಹೋ ಗಯಾ" ಎಂದು ಬೆರಳು ತೋರಿಸಿದಳು. "ಇನ್ನು ಇಲ್ಲ."

ಇನ್ನು ಇಲ್ಲ. ಹೊಸ ಬಂಪರಿನ ಒಳಗೆ ಮೆತ್ತನೆಯ ಸ್ಪಂಜಿನ ಪದರ, ಕೆಳಗೊಂದು ಬಾಗುವ ತುಟಿ, ಇಷ್ಟು ರೂಪಿಸುವುದರೊಳಗೆ ಡಿಸೆಂಬರ್ ಬಂದಿತ್ತು. ಮಾನೇಸರಿನ ಕಾರ್ಖಾನೆಗಳಲ್ಲಿ ಚಳಿಗಾಲದ ಒಂದು ಭಾನುವಾರ 'ಫ್ಯಾಮಿಲಿ ಡೇ' ಮಾಡುವ ಪದ್ಧತಿ. ಹುಲ್ಲಿನ ಮೇಲೆ ಶಾಮಿಯಾನಾ, ಛೋಲೆ ಭಟೂರೆ, ತಂಬೋಲಾ, ಮಕ್ಕಳ ವೇಷಭೂಷಣ ಸ್ಪರ್ಧೆ. ಡೈರೆಕ್ಟರ್ ಸಾಹೇಬರು ಬರುವುದೂ ಅಂದೇ.

"ಫ್ಯಾನ್ಸಿ ಡ್ರೆಸ್ ಆದ ಮೇಲೆ ನಿಮ್ಮ ಬಚ್ಚಾ. ದೊಡ್ಡ ಪರದೆ ಮೇಲೆ" ಎಂದರು ಸಾಂಗ್ವಾನ್.

"ಸರ್, ಮಕ್ಕಳ ಎದುರಿಗೆ ಇದನ್ನ..."

"ಅರೇ, ಗುಂಡು ಗುಂಡಗಿದೆ, ಕಾರ್ಟೂನ್ ಅಂದುಕೊಳ್ತಾರೆ! ಕಾಲು ಮುರಿಯೋದಿಲ್ಲ ಅಂತ ನೀವೇ ಹೇಳ್ತಿದ್ದೀರಲ್ಲ?"

ಹೇಳುತ್ತಿದ್ದರು, ನಿಜ. ಆದರೆ ಇನ್ನೂ ಕಂಡಿರಲಿಲ್ಲ. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಅಪಘಾತವನ್ನು ಲೆಕ್ಕ ಹಾಕಲು ಆಫೀಸಿನ ಕಂಪ್ಯೂಟರುಗಳೆಲ್ಲ ಸೇರಿ ಶುಕ್ರವಾರ ಸಂಜೆಯಿಂದ ಬೆವರು ಸುರಿಸುತ್ತಿದ್ದವು. ಭಾನುವಾರ ಭಟೂರೆ ಮುಗಿಯುತ್ತಾ ಬಂದಾಗ ಲೆಕ್ಕ ಮುಗಿಯಿತು. ಒಮ್ಮೆ ಮೊದಲೇ ನೋಡಿಕೊಳ್ಳೋಣವೆಂದರೆ ಮೈಕಿನಲ್ಲಿ ಆಗಲೇ "ಶ್ರೀ ದತ್ತಾತ್ರೇಯ್ ಜೀ!" ಎಂದು ಕೂಗಿಯಾಗಿತ್ತು. ಪೆಟ್ಟು ಹೆಚ್ಚಿದಂತೆ ಪರದೆಯಲ್ಲಿ ಕಾಲಿನ ಬಣ್ಣ ನೀಲಿಯಿಂದ ಹಸಿರು, ಹಳದಿ ಎಂದು ಏರುತ್ತಿತ್ತು. ಕಾಲು ಕೆಂಪಾದರೆ ಮುರಿದಂತೆ. ಮುರಿದರೆ ಆಫೀಸಿನಲ್ಲಿ ಕಬ್ಜಾ, ಮನೆಯಲ್ಲಿ ಕಟ್ಟೀ.

ಮೊದಲ ಸಾಲಿನಲ್ಲಿ ಡೈರೆಕ್ಟರ್ ಸಾಹೇಬರು. ಅವರ ಪಕ್ಕದ ಕುರ್ಚಿಯಲ್ಲಿ, ಯಾರೂ ಕರೆಯದಿದ್ದರೂ, ಲಾವಣ್ಯಾ.

ಪರದೆಯ ಮೇಲೆ ಕಾರು ಬಂತು. ಗುಂಡ ಲಾವಣ್ಯಾಳ ನಡಿಗೆಯಲ್ಲಿ ಒಂದು ಕಾಲು ಮುಂದಿಟ್ಟಿದ್ದ. ಬಂಪರ್ ತಾಗಿತು. ಸ್ಪಂಜು ಒಳಕ್ಕೆ ಕುಸಿಯಿತು. ಎಡಗಾಲು ನೀಲಿಯಿಂದ ಹಸಿರಾಯಿತು. ಬಾಗಿತು. ಮಂಡಿಯ ಹತ್ತಿರ ಹಳದಿ ಮೂಡಿತು. ದತ್ತಾತ್ರೇಯ ಕಣ್ಣು ಮುಚ್ಚಿಕೊಂಡರು, ಒಂದನ್ನು ತೆರೆದರು. ಹಳದಿ ಅಲ್ಲೇ ನಿಂತು, ತಡವರಿಸಿ, ಮೆಲ್ಲಗೆ ಹಸಿರಿಗೆ ಇಳಿಯಿತು. ಸೊಂಟವೂ ಹಸಿರು. ಗುಂಡ ಬಾನೆಟ್ಟಿನ ಮೇಲೆ ಒರಗಿ, ಜಾರಿ, ರಸ್ತೆಗೆ ಬಿದ್ದ.

ಬಿದ್ದವನು ಅಲ್ಲಿ ನಿಲ್ಲಲಿಲ್ಲ. ಕೆರೆಗೆ ಇಳಿದಂತೆ ರಸ್ತೆಯೊಳಕ್ಕೇ ಇಳಿದ. ಉಂಡೆ ಮುಳುಗಿತು, ಸೊಂಟ ಮುಳುಗಿತು, ಕಾಲೂ ಮುಳುಗಿತು. ಕೊನೆಗೆ ರಸ್ತೆಯ ಮೇಲೆ ಉಳಿದದ್ದು, ಯಾರದೋ ಮನೆಯೊಳಗೆ ಹೋದವರು ಹೊಸ್ತಿಲಾಚೆ ಬಿಟ್ಟಂತೆ, ಎರಡು ಬೂಟು.

ಕಂಪ್ಯೂಟರಿಗೆ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಬೂಟಿಗೆ ರಸ್ತೆ ತಾಗುತ್ತದೆ ಎಂದು ದತ್ತಾತ್ರೇಯ ಹೇಳಿದ್ದರು. ಗುಂಡನ ಉಳಿದ ಮೈಗೂ ತಾಗುತ್ತದೆ ಎನ್ನುವುದನ್ನು ಮರೆತಿದ್ದರು.

ಹನುಮಂತ, ಝಾನ್ಸಿ ರಾಣಿ, ಟೊಮೆಟೊ ವೇಷದ ಮಕ್ಕಳೆಲ್ಲ ಒಟ್ಟಿಗೆ ಸಿಡಿದರು. "ಜೂತೇ! ಜೂತೇ! ಫಿರ್ ಸೇ! ಫಿರ್ ಸೇ!" ಬೂಟುಗಳನ್ನು ಇನ್ನೊಮ್ಮೆ ತೋರಿಸಿ ಎಂದು ಹುಲ್ಲಿನ ಮೇಲೆ ಬಿದ್ದು ಉರುಳಾಡಿದರು. ಡೈರೆಕ್ಟರ್ ಸಾಹೇಬರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಸಾಂಗ್ವಾನ್ ಸಾಹೇಬರು ಹಣೆಯ ಬೆವರೊರೆಸಿಕೊಂಡರು.

"ದತ್ತಾಜೀ... ಬಚ್ಚಾ ಕಹಾಂ ಗಯಾ?"

ದತ್ತಾತ್ರೇಯರೂ ಆ ಹೊತ್ತಿಗೆ ರಸ್ತೆಯೊಳಕ್ಕೆ ಇಳಿಯುವ ದಾರಿಯನ್ನೇ ಹುಡುಕುತ್ತಿದ್ದರು. ಅಷ್ಟರಲ್ಲಿ ಲಾವಣ್ಯಾ ಕುರ್ಚಿಯ ಮೇಲೆ ಹತ್ತಿ ನಿಂತಳು.

"ಪಪ್ಪಾ, ಪೀಛೇ ಲೋ! ಕಾಲು ತೋರ್ಸು!"

ದತ್ತಾತ್ರೇಯರ ಕೈ ತಾನಾಗಿ ಚಿತ್ರವನ್ನು ಹಿಂದಕ್ಕೆ ಓಡಿಸಿತು. ಗುಂಡ ರಸ್ತೆಯಿಂದ ಮೇಲೆದ್ದು, ಬಾನೆಟ್ಟಿನಿಂದ ಇಳಿದು, ಬಂಪರಿನ ಮುಂದೆ ನಿಂತ. ಮತ್ತೆ ಮೆಲ್ಲಗೆ ಮುಂದಕ್ಕೆ. ಹಸಿರು, ಹಳದಿ, ಹಸಿರು.

ಸಾಂಗ್ವಾನ್ ಸಾಹೇಬರ ಬಾಯಿಂದ ಅಭ್ಯಾಸಬಲದಿಂದ ಹೊರಬಿತ್ತು. "ಟೂಟೀ?"

"ನಹೀ ಟೂಟೀ!" ಎಂದು ಲಾವಣ್ಯಾ ಇಡೀ ಮಾನೇಸರಿಗೆ ಕೇಳುವಂತೆ ಕೂಗಿದಳು. ಏನೆಂದು ತಿಳಿಯದ ಟೊಮೆಟೊ, ಹನುಮಂತರೂ "ನಹೀ ಟೂಟೀ!" ಎಂದು ಕುಣಿದರು.

ಡೈರೆಕ್ಟರ್ ಸಾಹೇಬರು ನಗು ನಿಲ್ಲಿಸಿ ಪರದೆಯ ಹತ್ತಿರ ಹೋದರು. ಇನ್ನೊಮ್ಮೆ ಹಾಕಿಸಿ ನೋಡಿದರು. ರಸ್ತೆಯ ತಪ್ಪಿನಿಂದ ಕಾಲಿನ ಲೆಕ್ಕ ಕೆಟ್ಟಿದೆಯೇ ಎಂದು ಕೇಳಿದರು.

"ಇಲ್ಲ ಸರ್. ಬಂಪರ್ ಪೆಟ್ಟಿನ ಲೆಕ್ಕ ಅವನು ಬೀಳೋ ಮೊದಲೇ ಮುಗಿದಿರುತ್ತೆ. ರಸ್ತೆ... ರಸ್ತೆ ನನ್ನ ಮರೆವು."

"ರಸ್ತೆ ಹಾಕಿಬಿಡಿ. ಇನ್ನೂ ಒಂದು ವರ್ಷ ತೆಗೆದುಕೊಳ್ಳಿ. ಇವನಿಗಿಂತ ಚಿಕ್ಕವನೊಬ್ಬ, ದೊಡ್ಡವನೊಬ್ಬ, ಅವರನ್ನೂ ಮಾಡಿ" ಎಂದರು ಡೈರೆಕ್ಟರು. ಶೈಲಜಾ ಹಿಂದಿನ ಸಾಲಿನಿಂದ, "ಇನ್ನೂ ಎರಡಂತೆ! ಬಾಣಂತನಕ್ಕೆ ಯಾರಿದ್ದಾರೆ?" ಎಂದದ್ದು ಪುಣ್ಯಕ್ಕೆ ಕನ್ನಡದಲ್ಲಿತ್ತು.

ಮನೆಗೆ ಮರಳುವ ಬಸ್ಸಿನಲ್ಲಿ ಲೆಕ್ಕಪತ್ರ ವಿಭಾಗದ ಆ ಮನುಷ್ಯ ತಾನಾಗಿ ಬಂದು ಪಕ್ಕದಲ್ಲಿ ಕೂತ. ಲಾವಣ್ಯಾಗೆ ತಂಬೋಲಾದಲ್ಲಿ ಗೆದ್ದ ಚಾಕೊಲೇಟು ಕೊಟ್ಟ. ಅವಳು ಅದನ್ನು ಅಪ್ಪನ ಜೇಬಿಗೆ ತುರುಕಿದಳು.

"ಇದು ಗುಂಡನಿಗೆ. ಪಪ್ಪಾ, ಕಲ್ ಸಬ್ ಸೇ ಪೆಹಲೇ ರಸ್ತೆ ಹಾಕು. ಕೆಳಗೆ ಕತ್ತಲೆ ಇರುತ್ತೆ, ಪಾಪ."

ಸೋಮವಾರ ಬೆಳಿಗ್ಗೆ ಸಾಂಗ್ವಾನ್ ಸಾಹೇಬರು ಲೋಟ ಹಿಡಿದು ಬಂದಾಗ ದತ್ತಾತ್ರೇಯ ಸ್ವೆಟರನ್ನೂ ತೆಗೆಯದೆ ಕೆಲಸಕ್ಕೆ ಕೂತಿದ್ದರು. ಕಿಟಕಿಯಾಚೆ ಹೆದ್ದಾರಿಯ ಕ್ರೇನುಗಳು ಮಂಜಿನಲ್ಲಿ ಇನ್ನೂ ಕಂಬ ಎತ್ತುತ್ತಲೇ ಇದ್ದವು. ದತ್ತಾತ್ರೇಯ ತಮ್ಮ ರಸ್ತೆಯನ್ನು ತಮ್ಮ ಪಾಲಿನ ಚಹಾ ಬರುವುದರೊಳಗೆ ಮುಗಿಸಿದರು. ಗುಂಡನನ್ನು ಅದರ ಮೇಲೆ ಮಲಗಿಸಿ, ಮುಳುಗುವುದಿಲ್ಲವೆಂದು ಖಾತ್ರಿಯಾದ ಮೇಲೆ, ಚಾಕೊಲೇಟಿನ ಕಾಗದ ಬಿಚ್ಚಿ ಅವನ ಪರವಾಗಿ ತಾವೇ ತಿಂದರು.